ಅತ್ತೆಯ ಪರ್ಸಿಗೊಂದು ಚಿಲಕ

ಮೊನ್ನೆ ನಾಯಂಡಹಳ್ಳಿ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಿಳಿಯುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಛತ್ರಿಯನ್ನು ಮನೆಯಲ್ಲೇ ಬಿಟ್ಟು ಬಂದದ್ದಕ್ಕೆ ನನ್ನನ್ನು ನಾನೇ ಬೈದುಕೊಳ್ಳುತ್ತ, ಹಳೆಯ ಓಣಿಗೆ ನುಗ್ಗಿ ಒಂದು ತಗಡಿನ ಸೂರಿನ ಕೆಳಗೆ ನಿಂತೆ. ನಿಂತ ಮೇಲೆ ಗೊತ್ತಾಯಿತು, ಅದು ನಮ್ಮದೇ ಶೆಡ್ಡು. ನಾವು ಖಾಲಿ ಮಾಡಿ ಕುಂಬಳಗೋಡಿನ ಕಡೆ ಹೋದ ಮೇಲೆ ಯಾರೋ ಅದನ್ನು ರಟ್ಟಿನ ಪೆಟ್ಟಿಗೆಗಳ ಗೋಡೌನ್ ಮಾಡಿಕೊಂಡಿದ್ದಾರೆ. ಬಾಗಿಲಿನ ಬಣ್ಣ ಬದಲಾಗಿದೆ, ಬೋರ್ಡು ಬದಲಾಗಿದೆ. ಆದರೆ ನೆಲದ ಕಲ್ಲು ಮಳೆಗೆ ನೆನೆದಿದ್ದೇ ತಡ, ಅದರೊಳಗೆ ವರ್ಷಗಟ್ಟಲೆ ಇಂಗಿದ್ದ, ತಗಡು ಒತ್ತುವ ಪ್ರೆಸ್ಸಿನ ಎಣ್ಣೆಯ ವಾಸನೆ ಗಪ್ಪಂತ ಮೇಲೆದ್ದಿತು. ನಮ್ಮತ್ತೆಗೆ ಆ ವಾಸನೆ ಆಗುತ್ತಿರಲಿಲ್ಲ. ನಾನು ಶೆಡ್ಡಿನಲ್ಲೇ ಸೋಪು ಹಾಕಿ ತೊಳೆದುಕೊಂಡು ಬಂದಿದ್ದರೂ, ಹೊಸ್ತಿಲ ಹತ್ತಿರವೇ ತಡೆದು, ಮೊದಲು ಬಚ್ಚಲಿಗೆ ಹೋಗು ಎನ್ನುತ್ತಿದ್ದರು. ಆ ವಾಸನೆಯ ಹಿಂದೆಯೇ ಆ ಒಂದು ಮಳೆಗಾಲ ಬಂದು ಎದುರು ನಿಂತಿತು.

ನಾನು ಐಟಿಐ ಫಿಟ್ಟರ್ ಓದಿ, ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಅಚ್ಚು ಮಾಡುವ ಒಂದು ಟೂಲ್ ರೂಮಿನಲ್ಲಿದ್ದವಳು. ನಮ್ಮನೆಯವರು ನಾಗರಾಜು ಅಲ್ಲೇ ಪ್ರೆಸ್ ಆಪರೇಟರ್. ಮದುವೆಯಾದ ಮೇಲೆ ಇಬ್ಬರೂ ಕೆಲಸ ಬಿಟ್ಟು ನಾಯಂಡಹಳ್ಳಿಯಲ್ಲಿ ಸ್ವಂತ ಶೆಡ್ಡು ಹಾಕಿದೆವು. ಹ್ಯಾಂಡ್‌ಬ್ಯಾಗಿನ ಕೊಂಡಿ, ಬಕಲು, ಪರ್ಸಿನ ಫ್ರೇಮು ನಮ್ಮ ಮಾಲು. ಪರ್ಸಿನ ಫ್ರೇಮೆಂದರೆ ನಿಮಗೆ ಗೊತ್ತಿರುತ್ತದೆ: ಎರಡು ಕಬ್ಬಿಣದ ತುಟಿ, ಅವುಗಳ ಮೇಲೆ ಒಂದಕ್ಕೊಂದು ಅಡ್ಡ ಬೀಳುವ ಎರಡು ಗುಂಡು. ಮುಚ್ಚಿದರೆ ಟಕ್ ಎನ್ನುತ್ತದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ತಾಂಬೂಲದ ಜೊತೆ ಕೊಡುವ ಪುಟ್ಟ ಪರ್ಸುಗಳಲ್ಲಿ ನಮ್ಮ ಫ್ರೇಮು ಎಷ್ಟೋ ಮನೆ ಸೇರಿದೆ. ಅದನ್ನು ಮಾಡುವವಳು ಸೊಸೆ ಎಂಬ ಸಂಗತಿ ಮಾತ್ರ ನಮ್ಮತ್ತೆ ಪುಟ್ಟಮ್ಮನವರಿಗೆ ಗಂಟಲಿಗಿಳಿಯಲಿಲ್ಲ. ನಾವಿದ್ದ ಕೆಂಗೇರಿಯಲ್ಲೇ ಹೊಲ ಗದ್ದೆ ನೋಡಿಕೊಂಡು, ಆಳುಕಾಳಿಗೆ ಅಡುಗೆ ಹಾಕಿ, ಆ ಹೊಲವೇ ಉಪನಗರದ ಸೈಟುಗಳಾಗುವುದನ್ನು ಕಣ್ಣಾರೆ ಕಂಡ ಹೆಂಗಸು. ಕೇಳಿದವರಿಗೆಲ್ಲ, ನಮ್ಮ ಸೊಸೆ ಕಬ್ಬಿಣ ಬಡೀತಾಳೆ ಎಂದು ನಗುತ್ತ ಹೇಳುತ್ತಿದ್ದರು. ನಗುತ್ತ ಹೇಳಿದರೂ ನನಗೆ ಮೈ ಉರಿಯುತ್ತಿತ್ತು. ಶೆಡ್ಡಿಗೆ ಒಂದು ದಿನವೂ ಕಾಲಿಟ್ಟವರಲ್ಲ. ಆಯುಧ ಪೂಜೆಗೆ ಕರೆದರೂ, ನೀವು ಮಾಡ್ಕೊಳ್ಳಿ, ನಂಗೆ ಆ ವಾಸನೆ ಆಗಲ್ಲ ಎಂದುಬಿಡುತ್ತಿದ್ದರು.

ಆದರೆ ಅವರ ಸೊಂಟದಲ್ಲಿದ್ದದ್ದು ನಮ್ಮ ಪರ್ಸೇ. ಹಸಿರು ಬಟ್ಟೆಯದು, ದೊಡ್ಡ ಗುಂಡಿನದು. ಮಂಗಳವಾರ ಬಂತೆಂದರೆ ಅದನ್ನು ಸೀರೆಯ ನೆರಿಗೆಗೆ ಸಿಕ್ಕಿಸಿಕೊಂಡು ವಿಜಯನಗರದ ಬಸ್ಸು ಹತ್ತುವರು. ಅಲ್ಲಿ ಅವರ ತಂಗಿಯ ಮನೆ. ಅಕ್ಕತಂಗಿ ಇಬ್ಬರೂ ಮಾರ್ಕೆಟ್ಟಿನ ಬೀದಿ ಸುತ್ತಿ, ಎಲೆ ಅಡಿಕೆ ಹಾಕಿಕೊಂಡು, ಊರಿನವರ ಸುದ್ದಿಯೆಲ್ಲ ಜಾಲಾಡಿ, ಸಂಜೆಗೆ ವಾಪಸ್. ಮೆಟ್ರೋ ಬಂದ ಮೇಲೂ ಬಸ್ಸನ್ನು ಬಿಡಲಿಲ್ಲ. ಮೆಟ್ರೋದಲ್ಲಿ ಪಕ್ಕದಲ್ಲಿ ಕೂತವರು ಮಾತಾಡಲ್ಲವಂತೆ.

ಆ ಮಳೆಗಾಲದ ಹಿಂದಿನ ಚಳಿಗಾಲದಲ್ಲಿ ಅವರಿಗೆ ಲಕ್ವ ಹೊಡೆಯಿತು. ದೇವರ ದಯೆ, ಮಾತು ಹೋಗಲಿಲ್ಲ, ಕಾಲು ನಿಧಾನಕ್ಕೆ ಬಂತು. ಎಡಗೈ ಬರಲಿಲ್ಲ. ಬೆರಳು ಮಡಚಲಾಗದೆ ಆ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಮಳೆ ಶುರುವಾಗುವ ಹೊತ್ತಿಗೆ ಅತ್ತೆ ಕಾಲೆಳೆದುಕೊಂಡು ನಡೆಯುವಷ್ಟಾಗಿ, ನಮ್ಮ ಮಾತು ಕೇಳದೆ ಒಂದು ಮಂಗಳವಾರ ಬಸ್ಸು ಹತ್ತಿಯೇಬಿಟ್ಟರು. ಹೆಂಗಸರಿಗೆ ಸಿಟಿ ಬಸ್ಸು ಬಿಟ್ಟಿಯಾದ ಹೊಸತು ಅದು. ಆಧಾರ್ ಕಾರ್ಡ್ ತೋರಿಸಿದರೆ ಫ್ರೀ ಟಿಕೆಟ್ ಕೊಡುತ್ತಿದ್ದರು. ಕಾರ್ಡಿದ್ದದ್ದು ಪರ್ಸಿನೊಳಗೆ. ಒಂದು ಕೈಯಲ್ಲಿ ಆ ಬಿಗಿ ಗುಂಡು ಬಿಡಿಸಲಾಗದೆ ಅತ್ತೆ ಪರ್ಸನ್ನು ಬಾಯಿಗಿಟ್ಟು ಹಲ್ಲಿನಿಂದ ಕಚ್ಚಿ ಎಳೆದರು. ಬರಲಿಲ್ಲ. ಕಂಡಕ್ಟರ್ ಹುಡುಗ ಸಹಾಯ ಮಾಡಲೆಂದೇ, ಕೊಡಿ ಅಜ್ಜಿ ಎಂದು ಕೈಯಿಂದ ಪರ್ಸು ತೆಗೆದುಕೊಂಡು, ತೆರೆದು, ಒಳಗೆ ಬೆರಳು ಹಾಕಿ ಹುಡುಕಿದನಂತೆ. ಕಾರ್ಡಿನ ಜೊತೆ ಎಲೆ ಅಡಿಕೆ, ಸುಣ್ಣದ ಡಬ್ಬಿ, ಮುದುರಿದ ಕರ್ಚೀಫು ಎಲ್ಲ ಹೊರಬಂದವು. ಇಡೀ ಬಸ್ಸು ನೋಡಿತು.

ಮನೆಗೆ ಬಂದವರು ಪರ್ಸನ್ನು ದೇವರ ಮನೆಯ ಪಕ್ಕದ ಮೊಳೆಗೆ ನೇತುಹಾಕಿದರು. ಮಗ ಏನಾಯಿತೆಂದು ಕೇಳಿದ್ದಕ್ಕೆ ಹೇಳಿದ್ದು ಒಂದೇ ಮಾತು.

"ನನ್ನ ಚೀಲಕ್ಕೆ ಯಾರೋ ಕೈ ಹಾಕಿದ್ರು ಕಣೋ ನಾಗ. ಇನ್ನು ನಾನು ಎಲ್ಲಿಗೂ ಹೋಗಲ್ಲ."

ಮುಂದಿನ ಮಂಗಳವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ತಂಗಿ ಫೋನ್ ಮಾಡಿದರೆ ಮಳೆ ಅನ್ನುವರು, ಕಾಲು ನೋವು ಅನ್ನುವರು. ನನ್ನ ಕೆಲಸದಲ್ಲಿ ತಪ್ಪು ಹುಡುಕುವುದನ್ನೂ ಬಿಟ್ಟರು ನೋಡಿ, ಆಗ ನನಗೆ ನಿಜಕ್ಕೂ ಭಯವಾಯಿತು. ಸಾರಿಗೆ ಉಪ್ಪು ಜಾಸ್ತಿಯಾದರೂ ಸುಮ್ಮನೆ ಉಣ್ಣುತ್ತಿದ್ದರು. ಹೀಗೆ ಬಿಟ್ಟರೆ ಈ ಹೆಂಗಸು ಆ ಕಿಟಕಿ ಪಕ್ಕದ ಮಂಚದಿಂದ ಮತ್ತೆ ಏಳುವುದಿಲ್ಲ ಎನ್ನಿಸಿತು. ಬಾಗಿಲಲ್ಲೇ ನಿಲ್ಲಿಸಿ ಬಚ್ಚಲಿಗೆ ಅಟ್ಟುವ ಅತ್ತೆಯನ್ನು ನಾನು ಸಹಿಸಬಲ್ಲೆ. ಹೀಗೆ ಸುಮ್ಮನೆ ಕೂತ ಅತ್ತೆಯನ್ನು ನೋಡಲಾಗುತ್ತಿರಲಿಲ್ಲ.

ನಮ್ಮನೆಯವರು ಸುಲಭದ ದಾರಿ ಹುಡುಕಿದರು. ಆಫೀಸಿನವರ ಹಾಗೆ ಕಾರ್ಡನ್ನು ಕೊರಳಿಗೆ ನೇತುಹಾಕೋಣ ಎಂದರು. ಅತ್ತೆ ಅವರನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು. ಜಿಪ್ಪಿನ ಪರ್ಸು ತಂದೆವು. ಎಳೆಯಲು ಒಂದು ಕೈ, ಹಿಡಿಯಲು ಇನ್ನೊಂದು ಕೈ ಬೇಕು. ಮ್ಯಾಗ್ನೆಟ್ ಗುಂಡಿಯದು ತಂದೆವು. ಅದೇನೋ ಸುಲಭವಾಗಿ ತೆರೆಯಿತು, ಆದರೆ ಒಳಗೆ ಸಾಮಾನು ತುಂಬಿದರೆ ತಾನಾಗೇ ಬಾಯಿ ಬಿಡುತ್ತಿತ್ತು. ಕಡೆಗೆ ನಾನು ನಮ್ಮ ಹಳೆಯ ಫ್ರೇಮನ್ನೇ ತೆಗೆದುಕೊಂಡು, ಗುಂಡು ಅರದಿಂದ ಉಜ್ಜಿ ಸಡಿಲ ಮಾಡಿ ಕೊಟ್ಟೆ. ಅತ್ತೆ ಬಲಗೈ ಒಂದರಲ್ಲೇ ತೆಗೆದರು, ಮುಚ್ಚಿದರು, ಕಿವಿಯ ಹತ್ತಿರ ಹಿಡಿದು ಮತ್ತೆ ಮುಚ್ಚಿದರು, ವಾಪಸ್ ಕೊಟ್ಟರು.

"ಇದು ಸದ್ದೇ ಮಾಡಲ್ವಲ್ಲೇ ಜಯ. ಮುಚ್ಕೊಂಡಿದ್ಯೋ ಇಲ್ವೋ ಅಂತ ಬಸ್ಸಲ್ಲಿ ಬಗ್ಗಿ ಬಗ್ಗಿ ನೋಡ್ಲಾ?"

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಸುಲಭವಾಗಿ ತೆರೆಯಲೂ ಬೇಕು, ಗಟ್ಟಿಯಾಗಿ ಟಕ್ ಅನ್ನಲೂ ಬೇಕು ಅಂದರೆ ಬ್ರಹ್ಮನೇ ಬಂದು ಮಾಡಬೇಕು ಎಂದು ಗೊಣಗಿಕೊಂಡೇ ಅಡುಗೆಮನೆಗೆ ಹೋದೆ. ಹೋದ ಮೇಲೆ ಅವರು ಹೇಳಿದ್ದು ಸರಿ ಎಂದು ಒಳಗೊಳಗೇ ಗೊತ್ತಾಯಿತು. ನಮ್ಮ ಕಸುಬಿನಲ್ಲಿ ಗಿರಾಕಿಗಳು ಮಾಡುವುದೂ ಅದನ್ನೇ. ಬಟ್ಟೆ ನೋಡುವ ಮೊದಲು ಪರ್ಸನ್ನು ಕಿವಿಯ ಹತ್ತಿರ ಹಿಡಿದು ಟಕ್ ಟಕ್ ಎನ್ನಿಸುತ್ತಾರೆ. ಸದ್ದು ಚೆನ್ನಾಗಿದ್ದರೆ ಮಾಲು ಗಟ್ಟಿ. ಗುಂಡಿನ ಫ್ರೇಮಿನಲ್ಲಿ ಸದ್ದು ಬೇಕೆಂದರೆ ಬಿಗಿ ಬೇಕು, ಬಿಗಿಯಿದ್ದರೆ ಅತ್ತೆಯ ಕೈಗೆ ಆಗುವುದಿಲ್ಲ. ಇದನ್ನೇ ಹೊರಳಿಸಿ ಮರಳಿಸಿ ಯೋಚಿಸುತ್ತ ಎಷ್ಟೋ ದಿನ ಕಳೆದೆ.

ಒಂದು ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದೆ. ಒಂದು ಕೈಯಲ್ಲಿ ಜಡೆ, ಇನ್ನೊಂದರಲ್ಲಿ ಬಾಚಣಿಗೆ, ಕೂದಲಿಗೆ ಹಾಕುವ ಟಿಕ್‌ಟಾಕ್ ಕ್ಲಿಪ್ಪು ಹಲ್ಲಿನಲ್ಲಿ. ಹಲ್ಲು ಕಚ್ಚಿದಾಗ ಅದು ಟಕ್ ಎಂದು ತೆರೆದುಕೊಂಡಿತು. ಬಾಚಣಿಗೆ ಕೈಯಲ್ಲೇ ನಿಂತಿತು. ಆ ಕ್ಲಿಪ್ಪಿನಲ್ಲಿರುವುದು ಬಾಗಿದ ಒಂದು ತೆಳ್ಳನೆಯ ಪಟ್ಟಿ, ಅಷ್ಟೇ. ಗುಂಡಿಗೆ ಗುಂಡು ಉಜ್ಜಾಡುವುದಿಲ್ಲ. ಮುಚ್ಚುವ ದಾರಿ ಒಂದಿರಲಿ, ತೆರೆಯುವ ದಾರಿ ಬೇರೆ ಇರಲಿ ಎಂದು ಹೊಳೆದದ್ದು ಆಗ. ಅರ್ಧ ಜಡೆಯಲ್ಲೇ ಶೆಡ್ಡಿಗೆ ಓಡಿದೆ.

ಗುಂಡು ಕಿತ್ತು ಹಾಕಿದೆ. ಫ್ರೇಮಿನ ಒಂದು ತುಟಿಯ ಮೇಲೆ, ಪಾರ್ಕಿನಲ್ಲಿ ಮಕ್ಕಳು ಎರಡೂ ತುದಿಗೆ ಕೂತು ಆಡುವ ಸೀಸಾ ಹಲಗೆಯ ಹಾಗೆ ತೂಗುವ ಒಂದು ಸ್ಪ್ರಿಂಗ್ ಪಟ್ಟಿ ಕೂರಿಸಿದೆ. ಅದರ ಮುಂದಿನ ತುದಿಗೆ ಒಂದು ಉಬ್ಬು. ಇನ್ನೊಂದು ತುಟಿಯಿಂದ ಚಾಚಿದ ಪುಟ್ಟ ನಾಲಿಗೆ, ನಾಲಿಗೆಗೆ ಒಂದು ತೂತು. ಪರ್ಸನ್ನು ಸೊಂಟಕ್ಕೋ ತೊಡೆಗೋ ಒತ್ತಿದರೆ ನಾಲಿಗೆ ಪಟ್ಟಿಯ ಕೆಳಗೆ ಜಾರಿ, ಉಬ್ಬು ತೂತಿಗೆ ಬಿದ್ದು ಟಕ್ ಎನ್ನಬೇಕು. ತೆರೆಯಬೇಕಾದರೆ ಪಟ್ಟಿಯ ಹಿಂದಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿದರಾಯಿತು, ಉಬ್ಬು ಮೇಲೇಳುತ್ತದೆ, ಬಾಯಿ ಬಿಡುತ್ತದೆ. ಕೈಯಲ್ಲೇ ಕತ್ತರಿಸಿ, ಅರ ಹಾಕಿ ಒಂದು ಮಾದರಿ ಮಾಡಿದೆ. ನಮ್ಮನೆಯವರು ಅದನ್ನು ಕೈಗೆತ್ತಿಕೊಂಡವರು ಟಕ್ ಟಕ್ ಎನ್ನಿಸುತ್ತ ಶೆಡ್ಡಿನ ತುಂಬ ಓಡಾಡಿದರು. ಊಟಕ್ಕೆ ಕೂತಾಗಲೂ ಕೈಯಲ್ಲಿತ್ತು. ಬಟ್ಟೆ ಹೊಲಿಯಲು ವಿಜಯನಗರದ ಸರೋಜಮ್ಮನಿಗೆ ಕೊಟ್ಟೆವು. ನಮ್ಮ ಫ್ರೇಮಿಗೆಲ್ಲ ಬಟ್ಟೆ ಕೂರಿಸುವವರು ಅವರೇ. ಕುಂಕುಮ ಬಣ್ಣದ ಬಟ್ಟೆಗೆ ಒಳ್ಳೆ ದಪ್ಪನೆಯ ಅಸ್ತರು ಕೊಟ್ಟು ಹೊಲಿದು, ಅದರ ಅಂಚನ್ನು ಫ್ರೇಮಿನ ತುಟಿಯಲ್ಲಿರುವ ಸಣ್ಣ ಕಾಲುವೆಗೆ ತುರುಕಿ, ಕಾಗದದ ಹುರಿ ಹೊಡೆದು ಬಿಗಿಮಾಡಿ ಕೊಟ್ಟರು.

ಅತ್ತೆಯ ಮುಂದೆ ಹಿಡಿದೆ. ತೆರೆದು ಒಳಗೆ ನೋಡಿದವರೇ ಮುಖ ಗಂಟಿಕ್ಕಿದರು. ಬರಿ ಚೀಲ ಯಾರಾದರೂ ಕೊಡುತ್ತಾರೇನೇ, ನಿಮ್ಮಮ್ಮ ಹೇಳಿಕೊಟ್ಟಿಲ್ಲವೇ ಎಂದರು. ಎಷ್ಟೋ ದಿನದ ಮೇಲೆ ಬೈಗುಳ ಕೇಳಿ ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಓಡಿ ಹೋಗಿ ಒಂದು ಅಡಿಕೆ ತಂದು ಒಳಗೆ ಹಾಕಿದೆ. ಆಮೇಲೆ ಅತ್ತೆ ಹೆಬ್ಬೆರಳಿಟ್ಟು ಒತ್ತಿದರು. ಬಾಯಿ ತೆರೆಯಿತು. ತೊಡೆಗೆ ಒತ್ತಿದರು. ಟಕ್. ಮೊಳೆಗೆ ಹಾಕಿದ್ದ ಹಸಿರು ಪರ್ಸಿನಿಂದ ಆಧಾರ್ ಕಾರ್ಡನ್ನು ಇದಕ್ಕೆ ಹಾಕಿಕೊಂಡರು.

ಮಂಗಳವಾರ ಬಂತು. ಅತ್ತೆ ಹೊರಟರು. ಜೊತೆಗೆ ಬರುತ್ತೇನೆಂದರೆ ಬೇಡವೆಂದರು. ಬೆಳಿಗ್ಗೆಯಿಂದ ಜಡಿಮಳೆ. ಸ್ಟಾಪಿಗೆ ನಡೆಯುವಷ್ಟರಲ್ಲಿ ಸೀರೆ, ಪರ್ಸು ಎರಡೂ ತೊಯ್ದಿವೆ. ಬಸ್ಸಿನಲ್ಲಿ ಕಾರ್ಡು ತೆಗೆದು ತೋರಿಸಿ, ಒಳಗಿಟ್ಟು, ಟಕ್ ಎನ್ನಿಸಿ, ನಿಶ್ಚಿಂತೆಯಿಂದ ಕೂತಿದ್ದಾರೆ. ಡ್ರೈವರ್ ಬ್ರೇಕ್ ಹಾಕಿದ್ದಾನೆ. ಪರ್ಸು ಬಾಯಿಬಿಟ್ಟು ಕಾರ್ಡು, ಮನೆಯ ಬೀಗದ ಕೈ, ಕನ್ನಡಕ, ಅಡಿಕೆ ಎಲ್ಲ ಒದ್ದೆ ನೆಲದ ಮೇಲೆ ಚೆಲ್ಲಾಪಿಲ್ಲಿ. ಹಿಂದಿನ ಸೀಟಿನವರು, ಮುಂದಿನ ಸೀಟಿನವರು ಬಗ್ಗಿ ಬಗ್ಗಿ ಆರಿಸಿಕೊಟ್ಟಿದ್ದಾರೆ. ಅತ್ತೆ ಮುಂದಿನ ಸ್ಟಾಪಿನಲ್ಲೇ ಇಳಿದು, ಎದುರಿನ ಬಸ್ಸು ಹಿಡಿದು ವಾಪಸ್ ಬಂದುಬಿಟ್ಟರು.

ನಾನು ಅವತ್ತು ಮನೆಯಲ್ಲೇ ಇದ್ದೆ. ನೀರು ತೊಟ್ಟಿಕ್ಕುವ ಪರ್ಸನ್ನು ನನ್ನ ಮುಂದಿಟ್ಟು ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಸದ್ದು ಬಂತು ಕಣೇ. ಸದ್ದು ನಂಬ್ಕೊಂಡು ಕೂತಿದ್ದೆ. ನಿನ್ನ ಕಬ್ಬಿಣ ಸುಳ್ಳು ಹೇಳ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅದನ್ನು ಮೆತ್ತಗೆ ಹೇಳಿ ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿಕೊಂಡರು. ಅವರಿಗೆ ಸೀರೆ ಬದಲಿಸಿಕೊಟ್ಟು ಬಂದು ಹಿತ್ತಿಲಲ್ಲಿ ನಿಂತು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಪರ್ಸು ಹಿಡಿದು ಕೂತೆ. ಮುಚ್ಚಿದೆ, ಟಕ್ ಎಂದಿತು. ಸ್ವಲ್ಪ ಅಲುಗಿಸಿದೆ, ತೆರೆದುಕೊಂಡಿತು. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೆ ಎರಡು ತುಟಿಗಳ ನಡುವೆ ದಾರದಷ್ಟು ಸಂದು. ಕಾಲುವೆಯೊಳಗಿನ ಅಸ್ತರು, ಕಾಗದದ ಹುರಿ, ಎಲ್ಲ ನೀರು ಕುಡಿದು ಉಬ್ಬಿವೆ. ತುಟಿ ಕೂಡುತ್ತಿಲ್ಲ, ನಾಲಿಗೆ ಪೂರ್ತಿ ಒಳಗೆ ಬರುತ್ತಿಲ್ಲ. ಉಬ್ಬು ತೂತಿನ ಅಂಚಿಗೆ ಬಡಿದು ಟಕ್ ಎನ್ನುತ್ತದೆ, ಒಳಗೆ ಬೀಳುವುದೇ ಇಲ್ಲ. ನಾವು ಕಬ್ಬಿಣದವರು. ಬರಿ ಫ್ರೇಮನ್ನು ಮುಚ್ಚಿ ತೆರೆದು ಸರಿಯಿದೆ ಎಂದುಕೊಂಡೆವು. ಬಟ್ಟೆ ಹಾಕಿದ ಮೇಲೂ ಸೂರಿನ ಕೆಳಗೇ ನೋಡಿದೆವು. ಆಷಾಢದ ಮಳೆಯಲ್ಲಿ ಬಳಸುವ ವಸ್ತುವನ್ನು ಒಮ್ಮೆ ನೀರಿಗೆ ಅದ್ದಿ ನೋಡಬೇಕೆಂದು ಇಬ್ಬರ ತಲೆಗೂ ಹೋಗಲಿಲ್ಲ.

ವರಮಹಾಲಕ್ಷ್ಮಿಯ ಮಾಲು ತಲೆಯ ಮೇಲೆ ಕೂತಿತ್ತು. ಪ್ರೆಸ್ಸಿಗೆ ಪುರುಸೊತ್ತಿಲ್ಲ. ಹಬ್ಬ ಕಳೆಯಲಿ, ಆಮೇಲೆ ನೋಡೋಣ ಎಂದರು ನಮ್ಮನೆಯವರು. ನಿಮ್ಮಮ್ಮ ಗೋಡೆ ನೋಡಿಕೊಂಡು ಮಲಗಿದ್ದಾರೆ, ಹಬ್ಬದ ತನಕ ಹಾಗೇ ಇರಲಿ ಬಿಡಿ ಎಂದೆ. ಮಧ್ಯಾಹ್ನ ನೋಡಿದರೆ ಅವರು ಚಿಕ್ಕ ಹ್ಯಾಂಡ್ ಪ್ರೆಸ್ಸನ್ನು ಖಾಲಿ ಮಾಡಿ, ಎಣ್ಣೆ ಹಾಕಿ, ಒರೆಸಿಟ್ಟಿದ್ದರು.

ಅಲ್ಲಿಂದಾಚೆ ಹಬ್ಬದ ತನಕ ನಮ್ಮ ಶೆಡ್ಡಿನಲ್ಲಿ ಒಂದು ಬಕೆಟ್ ನೀರು ಕಾಯಂ. ಮಾದರಿ ಮಾಡುವುದು, ಬಟ್ಟೆ ತುರುಕುವುದು, ಬಕೆಟ್ಟಿಗೆ ಮುಳುಗಿಸುವುದು, ತೆಗೆದು ಕುಲುಕುವುದು. ಟೀ ತರುವವನು ಇವರಿಗೇನು ಹುಚ್ಚು ಹಿಡಿಯಿತೋ ಎನ್ನುವ ಹಾಗೆ ನೋಡುತ್ತಿದ್ದ. ನಾಲಿಗೆಯನ್ನು ಸ್ವಲ್ಪ ಉದ್ದ ಮಾಡಿದೆ. ದುಂಡನೆಯ ತೂತಿನ ಬದಲು ಉದ್ದನೆಯ ತೂತು ಕೊಟ್ಟೆ, ತುಟಿಗಳ ನಡುವೆ ಸಂದು ಬಿದ್ದರೂ ಉಬ್ಬಿಗೆ ಜಾಗ ಸಿಗಲಿ ಎಂದು. ಆದರೂ ಅಂಚಿನ ಮೇಲೆ ಕೂರುವ ಕಳ್ಳಬುದ್ಧಿ ಬಿಡಲಿಲ್ಲ. ಉಬ್ಬಿನ ಮುಂಭಾಗವನ್ನು ಇಳಿಜಾರು ಮಾಡಿ, ಹಿಂಭಾಗವನ್ನು ನೆಟ್ಟಗೆ ಕಡಿದ ಮೇಲೆ ಅದಕ್ಕೆ ಕೂರಲು ಅಂಚೇ ಸಿಗದಂತಾಯಿತು. ಬಿದ್ದರೆ ಪೂರ್ತಿ ಬೀಳಬೇಕು, ಇಲ್ಲವೇ ತೆರೆದೇ ಇರಬೇಕು. ಪೂರ್ತಿ ಬಿದ್ದಾಗ ಮಾತ್ರ ಸದ್ದು. ಅದಕ್ಕೊಂದು ಡೈ, ಅಂದರೆ ಅಚ್ಚು, ಮಾಡಿ, ಪ್ರೆಸ್ಸಿಗೆ ಕಟ್ಟಿ, ಹಬ್ಬದ ಮಾಲಿನ ನಡುವೆಯೇ ಮೊದಲ ಪಟ್ಟಿ ಹೊಡೆದೆವು. ಬಕೆಟ್ಟಿನಿಂದ ತೆಗೆದು, ನೀರು ಸುರಿಯುತ್ತಿರುವಾಗಲೇ ಮುಚ್ಚಿದೆ. ತಲೆಕೆಳಗಾಗಿ ಹಿಡಿದು ಕುಲುಕಿದೆ. ನೆಲಕ್ಕೆ ಒಗೆದೆ. ಬಿಡಲಿಲ್ಲ.

ಅದನ್ನು ಅತ್ತೆಯ ಕೈಗೆ ಕೊಡುವ ಧೈರ್ಯ ನನಗಾಗಲಿಲ್ಲ. ಅದೇ ಕುಂಕುಮ ಬಣ್ಣದ ಪರ್ಸಿಗೆ ಹೊಸ ಫ್ರೇಮು ಹಾಕಿಸಿ, ಮರೆಯದೆ ಒಂದು ಅಡಿಕೆ ಒಳಗಿಟ್ಟು, ಮೊಳೆಗೆ ನೇತುಹಾಕಿ ಬಂದೆ. ಸುಳ್ಳು ಹೇಳಿದ ಪರ್ಸನ್ನು ಅವರು ಮತ್ತೆ ಯಾಕೆ ಮುಟ್ಟಬೇಕು? ಮುಟ್ಟಲಿಲ್ಲ. ವರಮಹಾಲಕ್ಷ್ಮಿ ಹೋಯಿತು, ಗೌರಿ ಗಣೇಶ ಹೋಯಿತು. ಒಂದು ದಿನ ಪಾತ್ರೆ ತೊಳೆಯುತ್ತಿದ್ದಾಗ ಅವರ ಕೋಣೆಯಿಂದ ಟಕ್ ಎಂದು ಕೇಳಿಸಿತು. ನಲ್ಲಿ ನಿಲ್ಲಿಸಿದೆ. ಮತ್ತೊಂದು ಟಕ್. ಆಮೇಲೆ ದಿನಾ ಕೇಳಿಸತೊಡಗಿತು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು, ಅದರ ಹಿಂದೆಯೇ ಟಕ್. ನಮ್ಮತ್ತೆಯೂ ಬಕೆಟ್ಟಿಗೆ ಅದ್ದಿ ನೋಡುತ್ತಿದ್ದಾರೆಂದು ಗೊತ್ತಾಗಿ ನಗು ಬಂತು. ಆದರೆ ಮಂಗಳವಾರಗಳು ಬಂದು ಬಂದು ಹೋದವು, ಅವರು ಮಾತ್ರ ಬಾಗಿಲು ದಾಟಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಕೆಟ್ಟುಹೋಗುತ್ತದೇನೋ ಎನ್ನುವ ಭಯ.

ಆಯುಧ ಪೂಜೆಯ ದಿನ ಶೆಡ್ಡಿಗೆ ಬೇಗ ಹೋದೆವು. ಅತ್ತೆಯನ್ನು ಎಂದಿನಂತೆ ಕರೆದೆ, ಅವರು ಎಂದಿನಂತೆ ಒಲ್ಲೆ ಎಂದರು. ಪ್ರೆಸ್ಸುಗಳನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಸಿದ್ಧ ಮಾಡಿಕೊಂಡೆವು. ಹೊರಗೆ ಸಣ್ಣಗೆ ಹನಿಯುತ್ತಿತ್ತು. ಮಂಗಳಾರತಿಗೆ ಕರ್ಪೂರ ಹುಡುಕುತ್ತಿದ್ದೆ. ನಮ್ಮನೆಯವರು, ಅಮ್ಮ ಎಂದರು. ಯಾರ ಅಮ್ಮ ಎಂದುಕೊಂಡು ತಿರುಗಿದರೆ ಬಾಗಿಲಲ್ಲಿ ಅತ್ತೆ. ಒಬ್ಬರೇ. ಸೆರಗು ತೊಯ್ದಿದೆ, ಕಾಲಿಗೆ ಓಣಿಯ ಕೆಸರು.

ಕೂರಿಸಲು ಓಡಿದ ಮಗನನ್ನು ಕೈಸನ್ನೆಯಲ್ಲೇ ನಿಲ್ಲಿಸಿ, ಸೊಂಟದಿಂದ ಪರ್ಸು ತೆಗೆದರು. ಅದೂ ತೊಯ್ದಿತ್ತು. ಹೆಬ್ಬೆರಳು ಒತ್ತಿತು, ಬಾಯಿ ತೆರೆಯಿತು. ಒಳಗಿನಿಂದ ಒಂದು ಕುಂಕುಮದ ಪೊಟ್ಟಣ ತೆಗೆದರು, ಅದು ಒಣಗಿದ್ದ ಹಾಗೇ ಇತ್ತು.

"ಎಲ್ಲೇ ಅದು? ಇದನ್ನ ಹೊಡೆಯೋ ಅಚ್ಚು?"

ತೋರಿಸಿದೆ. ಎಣ್ಣೆ ವಾಸನೆಗೆ ಸೆರಗು ಮೂಗಿಗೆ ಹೋಗುತ್ತದೆಂದು ಕಾದೆ, ಹೋಗಲಿಲ್ಲ. ಆ ಚಿಕ್ಕ ಹ್ಯಾಂಡ್ ಪ್ರೆಸ್ಸಿನ ಮುಂದೆ ಬಗ್ಗಿ, ನನ್ನ ಡೈಗೆ ಅವರ ಕೈಯಾರೆ ಕುಂಕುಮವಿಟ್ಟರು. ಅದೇ ಬೆರಳಿನಿಂದ ತಿರುಗಿ ನನ್ನ ಹಣೆಗೂ ಇಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಗಂಡ ನೋಡುತ್ತಿದ್ದಾರೆಂದೂ ನಾಚಿಕೆಯಾಗಲಿಲ್ಲ.

ಪ್ರಸಾದ ತಿಂದಾದ ಮೇಲೆ ಎದ್ದರು. ಹೇಗೂ ಇಷ್ಟು ದೂರ ಬಂದಿದ್ದೇನೆ, ತಂಗಿಯ ಮನೆಗೆ ಹೋಗಿಯೇ ಬರುತ್ತೇನೆ ಎಂದರು. ನಮ್ಮನೆಯವರು ಗಾಡಿಯ ಕೀ ತೆಗೆದುಕೊಂಡರೆ, ಅದನ್ನು ಇಡು ಎಂದರು. ನಾನು ರಸ್ತೆಯ ತನಕ ಜೊತೆಗೆ ಹೋದೆ. ಬರುವಾಗ ಬಸ್ಸಿನಲ್ಲಿ ತೊಂದರೆಯಾಗಲಿಲ್ಲವೇ, ಕಂಡಕ್ಟರ್ ಕಾರ್ಡು ಕೇಳಿದನೇ ಎಂದು ಮೆಲ್ಲಗೆ ಕೇಳಿದೆ. ಅತ್ತೆ ನಿಂತರು.

"ಎಲ್ಲಿ ಕೇಳ್ದ? ನನ್ನ ಕೈ ನೋಡ್ಬಿಟ್ಟು, ಇರ್ಲಿ ಬಿಡಿ ಅಜ್ಜಿ, ಕಾರ್ಡ್ ಬೇಡ ಅಂದ. ನಾನು ಬಿಡ್ಲಿಲ್ಲ. ತಾಳಪ್ಪ ಅಂದು, ತೆಗ್ದು, ಅವನ ಮುಂದೆ ಹಿಡ್ದೆ. ಅವನು ಓದೋ ತಂಕ ಟಿಕೆಟ್ ಮುಟ್ಲಿಲ್ಲ."

ವಿಜಯನಗರದ ಬಸ್ಸು ಬಂತು. ಹತ್ತಿಸಲು ನಾನು ಕೈ ಚಾಚಿದೆ. ಅವರು ನೋಡಲೂ ಇಲ್ಲ, ಬಲಗೈಯಲ್ಲಿ ಕಂಬಿ ಹಿಡಿದು ಹತ್ತಿದರು. ಬಾಗಿಲು ಮುಚ್ಚುವ ಮೊದಲು, ಮಳೆಯ ನಡುವೆಯೂ, ಅವರ ಪರ್ಸು ತೆರೆದು ಮುಚ್ಚಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.